ಎರಡು ಹಿಡಿಯ ಯಂತ್ರ

ಪಾರ್ಶ್ವವಾಯು ಬಡಿದು ಬೇಕರಿಯವನ ಎಡಗೈ ಬಿದ್ದುಹೋಗಿತ್ತು, ಕೊಡಲಿ ಎತ್ತುವಂತಿರಲಿಲ್ಲ. ಆದರೂ ಭಟ್ಟಿಯ ಸೌದೆಯನ್ನು ಯಾರ ಹಂಗೂ ಇಲ್ಲದೆ ತಾನೇ ಸೀಳಬೇಕೆಂದು ಹಟ ಹಿಡಿದು, ಹೆಂಡತಿಯೊಡನೆ ಸೌದೆ ಸೀಳುವ ಯಂತ್ರ ಕೊಳ್ಳಲು ಅಂಗಡಿಗೆ ಬಂದ. ಎರಡೂ ಹಿಡಿಗಳನ್ನು ಒಟ್ಟಿಗೆ ಒತ್ತಿದರಷ್ಟೇ ಅದರ ಅಲಗು ಇಳಿಯುತ್ತಿತ್ತು.

“ಒಂದು ಹಿಡೀನ ತಂತೀಲಿ ಬಿಗಿದ್ರಾಯ್ತು ಯಜಮಾನ್ರೇ, ಎಲ್ರೂ ಮಾಡೋದು ಅದನ್ನೇ,” ಎಂದು ಅಂಗಡಿಯವನೇ ಕಟ್ಟಿಕೊಟ್ಟ.

ಪರೀಕ್ಷಿಸಲು ಅಲಗಿನ ಕೆಳಗೆ ಒಂದು ಕೊರಡು ಇಡಿಸಿ, ಬೇಕರಿಯವನು ಬಲಗೈಯಿಂದ ಇನ್ನೊಂದು ಹಿಡಿ ಒತ್ತಿದ. ಅಲಗು ಇಳಿಯತೊಡಗಿದಂತೆ ಕೊರಡು ವಾಲಿತು. ಅವನ ಅಂಗಿಯ ಗುಂಡಿಯನ್ನೂ ತಾನೇ ಹಾಕಿ ರೂಢಿಯಾಗಿದ್ದ ಹೆಂಡತಿ ಕೊರಡನ್ನು ನೆಟ್ಟಗೆ ಮಾಡಲು ತಟ್ಟನೆ ಕೈಚಾಚಿದಳು. ಅವನು ಹಿಡಿ ಬಿಟ್ಟ. ಅಲಗು ಅವಳ ಬೆರಳಿಗೆ ತಾಗುವಷ್ಟರಲ್ಲಿ ನಿಂತಿತು.

“ತಲೆ ಕೆಟ್ಟಿದ್ಯೇನೇ ನಿಂಗೆ?”

“ನಿಮ್ಮ ಎಡಗೈ ಕೆಲ್ಸವೆಲ್ಲ ನಾನೇ ತಾನೆ ಮಾಡೋದು!”

ಅವನು ಅಂಗಡಿಯವನಿಂದ ತಂತಿ ಬಿಚ್ಚಿಸಿ, ಅದೇ ಯಂತ್ರ ಇರಲಿ ಎಂದ.

“ಆ ಎಡಗಡೆ ಹಿಡಿ ನಿಂದು,” ಎಂದ ಹೆಂಡತಿಗೆ. “ಎರಡು ಕೈಯೂ ಅದರ ಮೇಲೇ ಇರ್ಬೇಕು.”