ಝೈನಬಕ್ಕನ ಜಗಲಿಯಲ್ಲಿ ಇಂಗ್ಲಿಷ್ ಪಾಠ

"ಅಮ್ಮ, ಒಂದು ಪ್ರಶ್ನೆ ಕೇಳು. ಬೇಗ."

ಕಾಂತಿ ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಎದುರಿಗೆ ಮಗಳು ಸಾತ್ವಿಕಾ ಇಂಗ್ಲಿಷ್ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು.

"ಓದಿ ಆಯ್ತಾ?"

"ಆಯ್ತು."

"ನನಗೆ ಕೇಳ್ಲೇ ಇಲ್ಲ."

"ಮನಸ್ಸಿನಲ್ಲಿ ಓದಿದೆ."

"ಮನಸ್ಸಿನಲ್ಲಿ ಓದಿದ್ರೆ ನಾನು ಎಂತ ಕೇಳುದು? ಕಿವಿಗೆ ಬಿದ್ರೆ ಅಲ್ವಾ ಪ್ರಶ್ನೆ ಹುಟ್ಟುದು?"

"ಎಂತಾದ್ರೂ ಕೇಳಮ್ಮ. ಇಲ್ಲದಿದ್ರೆ ನಾನೇ ಬರೀತೇನೆ."

ಅವಳು ಇಷ್ಟು ದಿನ ಹಾಗೆಯೇ ಬರೆಯುತ್ತಿದ್ದಳು ಎನ್ನುವುದು ಕಾಂತಿಗೆ ನಿನ್ನೆ ತಾನೇ ಗೊತ್ತಾಗಿತ್ತು. ಏಳನೇ ತರಗತಿಯ ಇಂಗ್ಲಿಷಿಗೆ ಮುರ್ಶಿದಾ ಟೀಚರ್ ಕೊಡುವ ಮನೆಕೆಲಸವೇ ಬೇರೆ ತರ. ಪಾಠವನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಯನ್ನೂ ಅದಕ್ಕೆ ತನ್ನ ಉತ್ತರವನ್ನೂ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಬೇಕು. ಸಾತ್ವಿಕಾ ಬರೆದುಕೊಂಡು ಹೋದ ಪ್ರಶ್ನೆಗಳನ್ನು ಟೀಚರ್ ನಿನ್ನೆ ಶಾಲೆಗೆ ಕರೆಸಿ ಕಾಂತಿಯ ಮುಂದೆಯೇ ಓದಿದ್ದರು. ಈ ಕಥೆಯ ನೀತಿಯೇನು, ಈ ಕಥೆಯಿಂದ ನಾವು ಕಲಿಯುವುದೇನು, ಹೀಗೆ.

"ಇದೆಲ್ಲ ಮೊಬೈಲಿನ ಪ್ರಶ್ನೆ. ಅಡುಗೆ ಮಾಡ್ತಾ ಕಥೆ ಕೇಳಿದ ಯಾವ ಅಮ್ಮನೂ ನೀತಿ ಎಂತದು ಅಂತ ಕೇಳುದಿಲ್ಲ," ಎಂದು ಟೀಚರ್ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅದು ಹೋಗ್ಲಿ ಬಿಡಿ. ಮಗು ಕ್ಲಾಸಿನಲ್ಲಿ ಬಾಯೇ ಬಿಡುದಿಲ್ಲ. ಸೋಮವಾರ ಒಂದು ಪಾಠ ಎಲ್ಲರೆದುರು ಓದ್ಲಿಕ್ಕೆ ಹೇಳಿದ್ದೇನೆ. ಓದದಿದ್ರೆ ಈ ವರ್ಷ ಆರನೇ ಕ್ಲಾಸಿನಲ್ಲಿ ಕೂರ್ಲಿ ಅಂತ ಹೆಡ್ಮಿಸ್ ಹೇಳ್ತಾ ಇದ್ದಾರೆ. ನನಗಂತೂ ಅದು ಇಷ್ಟ ಇಲ್ಲ," ಎಂದರು.

ಅಳದಂಗಡಿಯ ಕನ್ನಡ ಶಾಲೆಯಲ್ಲಿ ಸಾತ್ವಿಕಾ ಗಿಳಿಯ ಹಾಗೆ ಓದುತ್ತಿದ್ದವಳು. ಮಸ್ಕತ್ತಿನ ಹೋಟೆಲಿನಲ್ಲಿರುವ ಅವಳ ಅಪ್ಪ ಶೇಖರನ ಆಸೆಗೆ, ಈ ಜೂನಿನಲ್ಲಿ ಅವಳನ್ನು ಬೆಳ್ತಂಗಡಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ್ದರು. ಮೊದಲ ವಾರವೇ ಎದ್ದು ನಿಂತು ಓದಿದಾಗ ಹಿಂದಿನ ಬೆಂಚಿನಿಂದ ಯಾರೋ ಅವಳ ಹಾಗೆಯೇ ಎಳೆದು ಓದಿ ತೋರಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಅವಳ ಇಂಗ್ಲಿಷೆಲ್ಲ ಮನಸ್ಸಿನೊಳಗೇ.

"ಆರಕ್ಕೆ ಕೂರಿಸಿದ್ರೆ ನಾನು ಶಾಲೆಗೇ ಹೋಗುದಿಲ್ಲ, ಗೊತ್ತುಂಟಲ್ಲ?" ಎಂದಳು ಸಾತ್ವಿಕಾ ಈಗ. ಜಗಳದ ದನಿಯಲ್ಲಲ್ಲ. ನಾಳೆ ಮಳೆ ಬರುತ್ತದೆ ಎನ್ನುವ ಹಾಗೆ.

ಕಾಂತಿ ತುರಿಯುವುದನ್ನು ನಿಲ್ಲಿಸಿದಳು. ಶಾಲೆಗೆ ಹೋಗುದಿಲ್ಲ ಎನ್ನುವ ಮಾತು ಆ ಮನೆಯಲ್ಲಿ ಇದೇ ಮೊದಲ ಸಲ ಕೇಳಿದ್ದಲ್ಲ. ಮದುವೆಯ ನಂತರವೂ ಅವಳು ತವರಿನಲ್ಲೇ ಉಳಿದವಳು. ಇದೇ ಅಡುಗೆಮನೆಯಲ್ಲಿ, ಇದೇ ಹೆರೆಮಣೆಯ ಹತ್ತಿರ ಅವಳೂ ಅದನ್ನು ಹೇಳಿದ್ದಳು. ಆಗ ಅವಳ ಅಮ್ಮ ತುರಿಯುವುದನ್ನು ನಿಲ್ಲಿಸಿರಲಿಲ್ಲ.

ಆ ಕಾಲದಲ್ಲಿ ಊರ ಹೆಂಗಸರೆಲ್ಲ ಮಧ್ಯಾಹ್ನದ ಊಟ ಮುಗಿಸಿ ಪಕ್ಕದ ಝೈನಬಕ್ಕನ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಲು ಕೂರುತ್ತಿದ್ದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಸುಮ್ಮನೆ ಕೂತರೆ ನಿದ್ದೆ ಬರುತ್ತದೆಂದು ಒಬ್ಬಳು ಓದಿ ಹೇಳಬೇಕಿತ್ತು. ಓದುವವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಅಲ್ಲಿನ ಕಟ್ಟಳೆ. ಓದುತ್ತಿದ್ದವಳು ಶಾಲೆ ಬಿಟ್ಟು ಬಂದ ಕಾಂತಿ. ಶನಿವಾರ ಬಂದ ವಾರಪತ್ರಿಕೆಯ ಧಾರಾವಾಹಿ ಮುಗಿದುಹೋದರೆ ಸಮಾಜದ ಪಾಠ. ಅದೂ ಮುಗಿದರೆ ಇಂಗ್ಲಿಷ್. ಯಾರಿಗೂ ಒಂದಕ್ಷರ ಅರ್ಥವಾಗದು. ಅವಳು ಒಂದೊಂದು ಸಾಲು ಓದಿ ತುಳುವಿನಲ್ಲಿ ಹೇಳಬೇಕು. ಗೊತ್ತಿಲ್ಲದ ಕಡೆ ಕಟ್ಟಿ ಹೇಳುತ್ತಿದ್ದಳು. ಸಂಜೆ ಏಳುವಾಗ ಪ್ರತಿ ಗೆರಸೆಯಿಂದ ಒಂದಿಷ್ಟು ಬೀಡಿ ಅವಳ ಅಮ್ಮನ ಗೆರಸೆಗೆ ಬರುತ್ತಿತ್ತು. ಆ ಬೀಡಿಯ ಬಲದಲ್ಲೇ ಮರುದಿನ ಅವಳು ಶಾಲೆಗೆ ಹೋಗುತ್ತಿದ್ದುದು.

ಒಂದು ದಿನ ಝೈನಬಕ್ಕನ ಅಣ್ಣ ದುಬೈಯಿಂದ ಬಂದ. ಜಗಲಿಯ ಗೋಡೆಯ ಹತ್ತಿರ ಟಿವಿ ಬಂತು. ಓದಿ ಹೇಳುವವಳು ಬೇಡವಾಯಿತು. ಕಾಂತಿಯ ಮಡಿಲಿಗೂ ಒಂದು ಗೆರಸೆ ಬಂತು, ಅಷ್ಟೆ. ಎಂಟನೇ ತರಗತಿಯ ನಡುವೆ ಅವಳ ಶಾಲೆ ನಿಂತಿತು.

"ಸಾತು, ಚಪ್ಪಲಿ ಹಾಕು," ಎಂದಳು ಕಾಂತಿ, ಕೈ ತೊಳೆಯುತ್ತ. "ಪುಸ್ತಕ ಹಿಡ್ಕೊ. ಝೈನಬಕ್ಕನಲ್ಲಿಗೆ ಹೋಗುವ."

"ಅಲ್ಲಿ ಎಂತಕ್ಕೆ? ಅವರಿಗೆ ಇಂಗ್ಲಿಷ್ ಬರ್ತದಾ?"

"ಬರುದಿಲ್ಲ. ಅದಕ್ಕೇ."

ಜಗಲಿಯಲ್ಲಿ ಈಗ ಉಳಿದವರು ಇಬ್ಬರೇ: ಝೈನಬಕ್ಕ, ಮತ್ತು ಕೆಳಗಿನ ಮನೆಯ ವಾರಿಜಕ್ಕ. ವಾರಿಜಕ್ಕನ ಬೆನ್ನು ಪೂರ್ತಿ ಬಾಗಿತ್ತು, ಬೆರಳು ಮಾತ್ರ ಬಾಗಿರಲಿಲ್ಲ. ಟಿವಿಯಲ್ಲಿ ಯಾವುದೋ ಅತ್ತೆ ಯಾವುದೋ ಸೊಸೆಯನ್ನು ಬೈಯುತ್ತಿದ್ದಳು.

"ಬಾ ಮಗಾ, ಬಾ. ಎಂತ, ಅಮ್ಮ ಹೊಡೆದ್ಲಾ? ಮುಖ ಯಾಕೆ ಹಾಗೆ?" ಎಂದಳು ಝೈನಬಕ್ಕ.

"ಇವಳಿಗೆ ನಾಳೆ ಕ್ಲಾಸಿನೆದುರು ಓದ್ಲಿಕ್ಕುಂಟು," ಎಂದಳು ಕಾಂತಿ. "ಓದದಿದ್ರೆ ಒಂದು ಕ್ಲಾಸು ಕೆಳಗೆ ಕೂರಿಸ್ತಾರಂತೆ. ಇಲ್ಲಿ ಒಮ್ಮೆ ಓದ್ಲಿ ಅಂತ ಕರ್ಕೊಂಡು ಬಂದೆ."

ಝೈನಬಕ್ಕ ಕಾಂತಿಯ ಮುಖ ನೋಡಿದಳು. ಆಮೇಲೆ ಗೆರಸೆ ಕೆಳಗಿಟ್ಟು, ಮಂಡಿಗೆ ಕೈಕೊಟ್ಟು ಎದ್ದು ಹೋಗಿ ಟಿವಿ ಆರಿಸಿದಳು.

"ಅಯ್ಯೊ, ಅವಳು ವಿಷ ಹಾಕುದು ಇವತ್ತಾ ಅಂತ!" ಎಂದು ವಾರಿಜಕ್ಕ ಗೊಣಗಿದಳು.

"ನಾಳೆ ಹಾಕ್ತಾಳೆ ಬಿಡಿ. ಆ ವಿಷಕ್ಕೆ ಯಾರೂ ಸಾಯುದಿಲ್ಲ, ವರ್ಷ ಆಯ್ತು. ಓದು ಮಗಾ."

ಸಾತ್ವಿಕಾ ಹೊಸ್ತಿಲ ಮೇಲೆ ಕೂತಳು. ಪುಸ್ತಕದ ಹಿಂದೆ ಮುಖ ಮರೆಸಿ ಓದತೊಡಗಿದಳು. ದನಿ ಪುಟವನ್ನು ದಾಟಿ ಬರಲಿಲ್ಲ. ಬೀಡಿ ಕಟ್ಟುವ ಕೈಗಳು ನಿಧಾನವಾದವು. ಅವಳು ತಡವರಿಸಿ ನಿಂತಳು, ಕೈಗಳೂ ನಿಂತವು.

"ಜೋರು ಓದು ಮಾರಾಯ್ತಿ," ಎಂದಳು ವಾರಿಜಕ್ಕ. "ನಿನ್ನನ್ನು ನಂಬಿ ಕೂತ್ರೆ ಇವತ್ತು ನನ್ನ ಅರ್ಧ ಕಟ್ಟೂ ಆಗ್ಲಿಕ್ಕಿಲ್ಲ."

ಅವರು ನಗಬಹುದೆಂದು ಸಾತ್ವಿಕಾ ತಲೆಯೆತ್ತಿ ನೋಡಿದಳು. ಯಾರೂ ನಗುತ್ತಿರಲಿಲ್ಲ. ಇಬ್ಬರೂ ಎಲೆ ಹಿಡಿದುಕೊಂಡು ಕಾಯುತ್ತಿದ್ದರು. ಅವಳು ಇನ್ನೊಮ್ಮೆ ಮೊದಲಿನಿಂದ ಹಿಡಿದಳು. ಈ ಸಲ ದನಿ ಅಂಗಳದವರೆಗೆ ಹೋಯಿತು.

"ಈಗ ಹೇಳು, ಎಂತ ಆಯ್ತಂತೆ?" ಎಂದಳು ಝೈನಬಕ್ಕ.

"ತಾರಾ ಅಂತ ಒಬ್ಬಳು ಹುಡುಗಿ. ಅವಳ ತಮ್ಮನಿಗೆ ಜ್ವರ ಬಂದಿತ್ತು, ಡಾಕ್ಟರು ಗುಣ ಮಾಡಿದ್ರು. ಅವರಿಗೆ ಕೊಡ್ಲಿಕ್ಕೆ ಅಂತ ಅವಳು ಬುಟ್ಟಿಯಲ್ಲಿ ಒಂದು ಕೋಳಿ ಹಿಡ್ಕೊಂಡು ದೋಣಿಯಲ್ಲಿ ಹೋಗ್ತಾಳೆ."

"ಹೇಂಟೆಯಾ, ಹುಂಜವಾ?" ಎಂದಳು ವಾರಿಜಕ್ಕ.

ಸಾತ್ವಿಕಾ ಪುಟದಲ್ಲಿ ಹುಡುಕಿದಳು. "ಹೇಂಟೆ."

"ಕೋಳಿ ಕಾದಾಡಿಸುವ ಅಂಕಕ್ಕೆ ಆಗುದಿಲ್ಲ ಹಾಗಾದ್ರೆ. ಹ್ಞಾ, ಮುಂದೆ."

ಮುಂದಿನದನ್ನು ಓದಿದಳು. ಹೊಳೆಯ ನಡುವೆ ಬುಟ್ಟಿಯ ಮುಚ್ಚಳ ಸರಿದು ಕೋಳಿ ಹಾರಿ ಆಚೆ ದಡ ಸೇರಿ ಕಾಣೆಯಾಯಿತು. ತಾರಾ ಖಾಲಿ ಬುಟ್ಟಿ ಹಿಡಿದುಕೊಂಡೇ ಡಾಕ್ಟರ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು. ಡಾಕ್ಟರು ಅವಳ ಸತ್ಯವನ್ನು ಮೆಚ್ಚಿ ತಲೆ ಸವರಿದರು. ಪಾಠ ಅಲ್ಲಿಗೆ ಮುಗಿಯಿತು.

"ಮತ್ತೆ ಕೋಳಿ?" ಎಂದಳು ಝೈನಬಕ್ಕ.

"ಅಷ್ಟೇ ಇರುದು."

"ಅಷ್ಟೇ ಹೇಗೆ? ಕತ್ತಲಾಗುವಾಗ ಕೋಳಿಗೆ ಗೂಡು ಬೇಕಲ್ಲ? ಗುರ್ತು ಇಲ್ಲದ ಊರು. ಪಾಪ, ಯಾರ ಅಂಗಳಕ್ಕೆ ಹೋಗ್ತದೆ ಅದು?"

"ಆ ದೋಣಿಯವನೇ ಹಿಡಿದು ಪದಾರ್ಥ ಮಾಡಿ ತಿಂದಿರ್ತಾನೆ. ಬುಟ್ಟಿಯ ಮುಚ್ಚಳ ಸರಿಸಿದ್ದೂ ಅವನೇ ಇರ್ಬೇಕು," ಎಂದಳು ವಾರಿಜಕ್ಕ.

"ಛೆ, ವಾರಿಜಕ್ಕ! ಮೊಟ್ಟೆ ಇಡುವ ಕೋಳಿ ಅದು!"

"ನೀನು ಕಂಡಿದ್ದೀಯಾ?"

ಇಬ್ಬರೂ ಜಗಳಕ್ಕೇ ನಿಂತರು. ಸಾತ್ವಿಕಾ ಪುಸ್ತಕ ಬದಿಗಿಟ್ಟು, "ಇಲ್ಲ, ದೋಣಿಯವನು ಹಾಗಿನವನಲ್ಲ, ಕೇಳಿ," ಎಂದು ಹೊಸ್ತಿಲಿನಿಂದ ಇಳಿದು ಅವರ ನಡುವೆ ಹೋಗಿ ಕೂತಳು. ಇಲ್ಲಿ ನೋಡಿ, ಇಲ್ಲಿ ಬರೆದಿದ್ದಾರೆ ಎಂದು ಒಂದು ಸಾಲನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದಳು, ಅವರಿಗೆ ಅರ್ಥವಾಗದೆಂಬುದನ್ನು ಮರೆತು. ಕಾಂತಿ ಅಂಗಳದಂಚಿನಲ್ಲಿ ಬಟ್ಟೆ ತೆಗೆಯುವ ನೆವದಲ್ಲಿ ಕೇಳುತ್ತ ನಿಂತು ಝೈನಬಕ್ಕನ ಹಗ್ಗದ ಮೇಲಿನ ಒಣಗದ ಬಟ್ಟೆಯನ್ನೂ ಮಡಚಿಟ್ಟಳು.

ಸೋಮವಾರ ಅವಳ ಕೈಗೆ ಕೆಲಸ ಹತ್ತಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡಿದಳು. ನಾಲ್ಕೂವರೆಯ ಬಸ್ಸಿಗೆ ಬಹಳ ಮೊದಲೇ ಹೋಗಿ ರಸ್ತೆಬದಿಯಲ್ಲಿ ನಿಂತಳು. ಬಸ್ಸಿನಿಂದ ಇಳಿದ ಸಾತ್ವಿಕಾ ಓಡು ನಡಿಗೆಯಲ್ಲಿ ಹೊರಟಳು.

"ಏಯ್, ಎಂತಾಯ್ತು? ಓದಿದೆಯಾ?"

"ಓದಿದೆ. ಎರಡು ಕಡೆ ನಾಲಗೆ ತೊಡರಿತು. ಆ ಹಿಂದಿನ ಬೆಂಚಿನವನು ನಕ್ಕ."

"ಮತ್ತೆ?"

"ಮತ್ತೆ ಎಂತ? ಉಳಿದದ್ದು ಓದಿದೆ. ಪ್ರಶ್ನೆಯೂ ಓದಿದೆ, ಝೈನಬಾಂಟಿಯದ್ದು. ಕೋಳಿ ರಾತ್ರಿ ಯಾರ ಅಂಗಳಕ್ಕೆ ಹೋಯ್ತು ಅಂತ. ಅಷ್ಟು ಹೊತ್ತಿಗೆ ಎಲ್ಲರೂ ಬೊಬ್ಬೆ ಹಾಕ್ಲಿಕ್ಕೆ ಶುರು ಮಾಡಿದ್ರಮ್ಮ. ನಕ್ಕವನೂ ಎದ್ದು ನಿಂತು ಒಂದು ಉತ್ತರ ಹೇಳಿದ. ಟೀಚರಿಗೆ ಬೇರೆ ಪಾಠ ಮಾಡ್ಲಿಕ್ಕೇ ಆಗ್ಲಿಲ್ಲ."

"ಕ್ಲಾಸು? ಆರಕ್ಕೆ ಅಂತ ಹೇಳಿದ್ರಲ್ಲ?"

"ಅದಾ? ಏಳರಲ್ಲೇ ಕೂರು ಅಂದ್ರು," ಎಂದಳು ಸಾತ್ವಿಕಾ, ಅದೇನೂ ದೊಡ್ಡ ಸಂಗತಿಯಲ್ಲ ಎಂಬಂತೆ. ಅಷ್ಟರಲ್ಲಿ ಝೈನಬಕ್ಕನ ಅಂಗಳ ಬಂದಿತ್ತು. ಬ್ಯಾಗನ್ನು ಮೆಟ್ಟಿಲ ಮೇಲೆ ಬಿಸಾಡಿ, ಚಪ್ಪಲಿಯೊಂದು ಇಲ್ಲಿ ಒಂದು ಅಲ್ಲಿ ಬಿಟ್ಟು, ಅವಳು ಜಗಲಿ ಹತ್ತಿದಳು.

"ಝೈನಬಾಂಟಿ, ಕೇಳಿ! ಇಡೀ ಕ್ಲಾಸು ನಿಮ್ಮ ಪ್ರಶ್ನೆಗೆ ಉತ್ತರ ಹೇಳಿದೆ! ಒಬ್ಬಳು ಹೇಳಿದ್ಲು..."

ಜಗಲಿಯಿಂದ ವಾರಿಜಕ್ಕನ ನಗು ಕೇಳಿಸಿತು. ಕಾಂತಿ ಮೆಟ್ಟಿಲ ಬಳಿ ಬಗ್ಗಿ ಬ್ಯಾಗನ್ನು ಎತ್ತಿಕೊಂಡಳು. ಅದು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕೈಯಲ್ಲಿ ಹಿಡಿಯಲಾಗದೆ ಒಂದು ಪಟ್ಟಿಗೆ ತೋಳು ತೂರಿಸಿದಳು, ಆಮೇಲೆ ಇನ್ನೊಂದಕ್ಕೂ. ಮಗಳ ಅಳತೆಯ ಪಟ್ಟಿಗಳು ಭುಜಕ್ಕೆ ಬಿಗಿಯಾಗಿ ಒತ್ತಿದವು. ಅವನ್ನು ಸಡಿಲಿಸಲು ಹೋಗದೆ, ಅವಳು ಬ್ಯಾಗು ಬೆನ್ನಿಗೇರಿಸಿಕೊಂಡು ಅಂಗಳದಲ್ಲೇ ನಿಂತಳು.