ಮೇಷ್ಟ್ರ ಅಳತೆ

ಹಸಿಬಿದಿರಿನ ಗಂಟುಗಳನ್ನು ಮಚ್ಚಿನಿಂದ ಸವರುತ್ತಿದ್ದ ಪುಟ್ಟರಾಜು ತಲೆ ಎತ್ತಲಿಲ್ಲ.

"ಒಳಗೆ ಬಂದು ಒಂದ್ಸಲ ಅಳತೆ ತಗೊಂಡ್ಬಿಡಪ್ಪ," ಅಂದ ಮುರಳೀಕೃಷ್ಣ. ಬೆಳಗಿನ ಜಾವ ತೀರಿಕೊಂಡ ಇಂಗ್ಲಿಷ್ ಮೇಷ್ಟ್ರು ಯೋಗಾನರಸಿಂಹ ಅವರ ಅಳಿಯ ಅವನು. ಹಾಸನದಿಂದ ಮೊದಲ ಬಸ್ಸಿಗೆ ಬಂದಿದ್ದ.

"ಅಳ್ತೆ ಯಾಕ್ ಬುಡಿ ಸಾ. ಮೇಷ್ಟ್ರುದ್ದ ನಂಗೊತ್ತಿಲ್ವಾ? ನಾನೂ ಅವರ ತಾವ ಓದ್ದೋನೆ."

"ಹೌದಾ? ಎಲ್ಲಿ?"

"ಕೊಣನೂರ್ನಲ್ಲಿ. ಎಂಟ್ನೇ ಕ್ಲಾಸು. ಅದೂ ಅರ್ಧ."

ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮೊರ, ಬುಟ್ಟಿ, ಏಣಿ ಮಾಡಿ ಮಾರುವ ಪುಟ್ಟರಾಜುವನ್ನು ಊರಿನವರು ಚಟ್ಟ ಕಟ್ಟುವುದಕ್ಕೂ ಕರೆಯುತ್ತಿದ್ದರು. ಜೊತೆಗೆ ಬಂದಿದ್ದ ಲಕ್ಕಯ್ಯ ಅಡ್ಡಪಟ್ಟಿಗಳನ್ನು ಜೋಡಿಸುತ್ತಾ ಹೋದವನು ಸೊಂಟ ಹಿಡಿದು ನಿಂತ.

"ಲೇ, ಚಟ್ಟ ಕಟ್ತಿದ್ದೀಯೋ ತೆಂಗಿನ್ ಮರಕ್ಕೆ ಏಣಿ ಕಟ್ತಿದ್ದೀಯೋ?"

"ಸುಮ್ಕೆ ಅಗ್ಗ ಬಿಗಿ ಕಣ್ಲಾ. ಮೇಷ್ಟ್ರು ಅಂದ್ರೆ ಬಾಗ್ಲಲ್ಲಿ ತಲೆ ತಗ್ಗಿಸ್ಕಂಡು ಬರೋರು."

* * *

ತೊಂಬತ್ತೊಂದನೇ ಇಸವಿ. ಮೇಷ್ಟ್ರಿಗೆ ಪುಸ್ತಕದ ಉದಾಹರಣೆಗಳು ಹಿಡಿಸುತ್ತಿರಲಿಲ್ಲ. ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ ಪಾಠ ಮಾಡುತ್ತಿದ್ದರು. ಮೂವರನ್ನು ಗೋಡೆಗೆ ಒರಗಿಸಿ ಟಾಲ್, ಟಾಲರ್, ಟಾಲೆಸ್ಟ್. ಮೈದಾನದಲ್ಲಿ ಓಡಿಸಿ ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್. ಆ ದಿನ ಫಾಸ್ಟೆಸ್ಟ್ ಆದವನು ಪುಟ್ಟರಾಜುವೇ. ಮನೆಗೆ ಹೋಗುವವರೆಗೂ ಓಡಿಕೊಂಡೇ ಹೋಗಿದ್ದ.

ಮಾರನೆಯ ದಿನ ಕಿರುಪರೀಕ್ಷೆಯ ಕಾಗದಗಳನ್ನು ಕೈಯಲ್ಲಿ ಹಿಡಿದು ಬಂದ ಮೇಷ್ಟ್ರು ಕೇದಾರ್, ಮೋಹನ್‌ಕುಮಾರ್, ಪುಟ್ಟರಾಜು ಮೂವರನ್ನೂ ಮುಂದೆ ಕರೆದರು. "ಡಲ್," ಅಂದರು. "ಡಲ್ಲರ್," ಅಂದರು. ಮೂರನೆಯವನ ತಲೆಯ ಮೇಲೆ ಬೆತ್ತದ ತುದಿ ಇಟ್ಟು ತರಗತಿಯ ಕಡೆ ನೋಡಿದರು. ಐವತ್ತು ಬಾಯಿಗಳು ಒಟ್ಟಿಗೆ ಆ ಮಾತನ್ನು ಪೂರ್ತಿ ಮಾಡಿದವು. ಮೇಷ್ಟ್ರೂ ನಕ್ಕರು. ಕೆಟ್ಟ ಮನಸ್ಸೇನೂ ಇರಲಿಲ್ಲ. ಪಾಠ ಮಕ್ಕಳ ತಲೆಗೆ ಹತ್ತಿತಲ್ಲ ಎಂಬ ಖುಷಿ ಅಷ್ಟೆ.

ಹತ್ತಿದ್ದು ನಿಜ. ಸಂತೆಯಲ್ಲಿ, ಬಸ್ಸಿನಲ್ಲಿ, ಹೊಳೆಯ ದಡದಲ್ಲಿ ಹುಡುಗರು ಅವನನ್ನು ಆ ಹೆಸರಿನಿಂದಲೇ ಕೂಗಿದರು. ಸೋಮವಾರ ಪುಟ್ಟರಾಜು ಶಾಲೆಗೆ ಹೋಗಲಿಲ್ಲ. ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿದಿರು ಸೀಳಿದ. ಅಲ್ಲಿಂದ ಏಳಲೇ ಇಲ್ಲ.

* * *

ಹಗ್ಗ ಸಾಲದೆ ಬಂತು. "ಹಿತ್ತಿಲ ಕೋಣೇಲಿದೆ, ತಗೋ ಹೋಗು," ಅಂದರು ಮೇಷ್ಟ್ರ ಹೆಂಡತಿ ಶ್ರೀರಂಗಮ್ಮ. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು.

ಕೋಣೆಯ ಬಾಗಿಲು ತಳ್ಳಿದ ಪುಟ್ಟರಾಜು ಅಲ್ಲೇ ನಿಂತ. ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ಮೊರಗಳನ್ನು ತೂಗುಹಾಕಿದ್ದರು. ಹದಿನೈದೋ ಇಪ್ಪತ್ತೋ ಇದ್ದವು. ಎಲ್ಲ ತನ್ನ ಕೈಯವೇ. ಅಂಚಿನ ಕಟ್ಟು ನೋಡಿದರೇ ಗೊತ್ತಾಗುತ್ತಿತ್ತು. ಹೊಸ ಮೊರಕ್ಕೆ ಬಳಸುವ ಮುಂಚೆ ಬಳಿಯುವ ಮೆಂತ್ಯದ ಹಿಟ್ಟು ಒಂದಕ್ಕೂ ಹತ್ತಿರಲಿಲ್ಲ. ಒಂದರಲ್ಲೂ ಒಂದು ಹಿಡಿ ಅಕ್ಕಿ ಕೇರಿರಲಿಲ್ಲ.

ಶ್ರೀರಂಗಮ್ಮ ಹಿಂದೆಯೇ ಬಂದಿದ್ದರು. "ಮನೇಲಿರೋದು ಇಬ್ರು, ಇಷ್ಟೊಂದು ಮೊರ ಯಾಕೆ ತರ್ತೀರಿ ಅಂತ ಬೈತಿದ್ದೆ ಕಣಪ್ಪ. 'ಹೋದ್ಸಲದ್ದಕ್ಕಿಂತ ಇದು ನಾಜೂಕಾಗಿದೆ ನೋಡೇ' ಅನ್ನೋರು. ಪ್ರತಿಸಲವೂ ಅದೇ ಮಾತು. 'ಇವತ್ತು ಅವನ ಹತ್ರ ಮಾತಾಡೇ ಬರ್ತೀನಿ' ಅಂತ ಹೊರಡೋರು, ಇನ್ನೊಂದು ಮೊರ ಹಿಡ್ಕೊಂಡು ಬರೋರು."

"ಏನ್ ಮಾತಂತೆ ಅವ್ವಾ?"

"ನನಗೆ ಹೇಳ್ಲಿಲ್ಲ. ನಿನಗೆ ಹೇಳಿದ್ರೋ ಏನೋ ಅಂದ್ಕೊಂಡಿದ್ದೆ."

ಪುಟ್ಟರಾಜು ಹಗ್ಗ ತೆಗೆದುಕೊಂಡ.

* * *

ಮೇಷ್ಟ್ರು ಹೇಳಲು ಬಂದಿದ್ದರು. ಹೋದ ವರ್ಷ, ದೀಪಾವಳಿಗೆ ನಾಲ್ಕು ದಿನ ಇತ್ತು. ಅಂಗಡಿಯ ಮುಂದೆ ಎಂದಿನಂತೆ ಕಪ್ಪು ಚಪ್ಪಲಿ ಬಂದು ನಿಂತವು. ಪುಟ್ಟರಾಜು ಎಂದಿನಂತೆ ಏಳಲಿಲ್ಲ. ಕೂತಲ್ಲಿಂದ ಕತ್ತೆತ್ತಿದರೆ ಕಾಣುತ್ತಿದ್ದದ್ದು ಪಂಚೆ, ಉದ್ದನೆಯ ಜುಬ್ಬ, ಮೇಲೆಲ್ಲೋ ಒಂದು ಗದ್ದ.

"ಈ ಮೊರ ಹೋದ್ಸಲದ್ದಕ್ಕಿಂತ ಚೆನ್ನಾಗಿದೆ ಕಣೋ ಪುಟ್ಟರಾಜು."

"ಯಾವ್ದ್ ಬೇಕೋ ತಗಳಿ ಸಾ."

ಮೇಷ್ಟ್ರು ಮೊರ ತೆಗೆದುಕೊಂಡರೂ ಹೋಗಲಿಲ್ಲ. "ಅವತ್ತು ಕ್ಲಾಸಲ್ಲಿ ನಾನು ನಿನ್ನ..." ಅಂತ ಶುರುಮಾಡಿದರು.

ಪುಟ್ಟರಾಜು ಮಚ್ಚೆತ್ತಿ ಬಿದಿರಿನ ತಲೆಗೆ ಕೊಟ್ಟ. ಬಿದಿರು ಸೀಳಿದ ಸದ್ದಿಗೆ ಮಾತು ನಿಂತಿತು. ಮತ್ತೆ ಬಾಯಿ ತೆರೆದರು, ಮತ್ತೆ ಕೊಟ್ಟ. ಚಪ್ಪಲಿಗಳು ಸ್ವಲ್ಪ ಹೊತ್ತು ಇದ್ದು, ತಿರುಗಿ ಹೋದವು.

* * *

ದೇಹವನ್ನು ಚಟ್ಟದ ಮೇಲೆ ಮಲಗಿಸಿದಾಗ ನೆರೆದವರು ಮುಖ ಮುಖ ನೋಡಿಕೊಂಡರು. ಪಾದ ಮುಂದಿನ ತುದಿಗೆ ಸರಿಯಾಗಿ ಕೂತಿತ್ತು. ತಲೆಯ ಹಿಂದೆ ಎರಡು ಮೊಳ ಬಿದಿರು ಖಾಲಿ ಉಳಿದಿತ್ತು.

"ಅಳತೆ ತಗೋ ಅಂದಿದ್ನಲ್ಲಪ್ಪ," ಅಂದ ಮುರಳೀಕೃಷ್ಣ, ಬೇಸರವನ್ನು ನುಂಗಿಕೊಂಡು.

"ನಾನಾಗ್ಲೇ ಯೋಳ್ದೆ," ಅಂದ ಲಕ್ಕಯ್ಯ.

ಪುಟ್ಟರಾಜು ದೊಡ್ಡವನಾದ ಮೇಲೆ ಮೊದಲ ಸಲ ಮೇಷ್ಟ್ರ ಪಕ್ಕ ಎದ್ದು ನಿಂತಿದ್ದ. ಮೇಷ್ಟ್ರು ತನ್ನ ಭುಜದವರೆಗೆ ಬಂದರೆ ಹೆಚ್ಚು. ಹಿಡಿಯಷ್ಟು ಮುದುಕ.

ಪುರೋಹಿತರು ಅವಸರ ಮಾಡಿದರು. "ಓಣಿ ತಿರುವಿನಲ್ಲಿ ಗೋಡೆಗೆ ತಾಗತ್ತೆ. ಗರಗಸ ಇದ್ಯಾ? ಮಿಕ್ಕಿದ್ದು ಕೊಯ್ದುಬಿಡು."

ಪುಟ್ಟರಾಜು ಗರಗಸ ತಂದು ಬಿದಿರಿನ ಮೇಲಿಟ್ಟ. ಒಂದು ಎಳೆತ ಎಳೆದ. ಬಿದಿರಿನ ಸದ್ದು ಕಿವಿಗೆ ಬಿದ್ದದ್ದೇ, ಅಂದು ಮಾತು ಮುಗಿಸದೆ ತಿರುಗಿ ಹೋದ ಚಪ್ಪಲಿಗಳು ನೆನಪಾಗಿ ಕೈ ನಿಂತಿತು.

"ಕೊಯ್ಯೋದ್ ಬ್ಯಾಡಿ ಸಾಮಿ. ಇಂದ್ಗಡೆ ನಾನ್ ಇಡ್ಕತೀನಿ. ತಿರುವ್ನಲ್ಲಿ ಗ್ವಾಡೆಗೆ ತಾಗ್ದಂಗೆ ನೋಡ್ಕತೀನಿ."

ಪುರೋಹಿತರು ಮುರಳೀಕೃಷ್ಣನನ್ನು ನೋಡಿದರು. ಅವನು ಬೆಂಕಿಯ ಮಡಕೆ ಹಿಡಿದು ಆಗಲೇ ಬೀದಿಗೆ ಇಳಿದಿದ್ದ. "ಹಿಡ್ಕೊಳ್ಳಲಿ ಬಿಡಿ," ಅಂದ.

ನಾಲ್ವರು ನೆಂಟರು ಹೆಗಲು ಕೊಟ್ಟರು. ಹೇಮಾವತಿಯ ಕಡೆಗೆ ಓಣಿ ತಿರುಗುವಲ್ಲಿ ಮುಂದಿನವರು ಹೊರಳಿದರು. ಹಿಂದೆ ಪುಟ್ಟರಾಜು ಮಿಕ್ಕ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೂ ಅದಕ್ಕೂ ನಡುವೆ ತನ್ನ ಬೆನ್ನು ಒಡ್ಡಿ, ಮೆಲ್ಲಗೆ ತಿರುಗಿಸಿದ. ಸುಣ್ಣ ಅವನ ಅಂಗಿಗೆ ಹತ್ತಿತು.

ಅವನ ಕಣ್ಣಿನ ನೇರಕ್ಕೆ, ಒಂದು ಮಾರು ದೂರವೂ ಇಲ್ಲದಂತೆ, ಮೇಷ್ಟ್ರ ನೆತ್ತಿ ಇತ್ತು. ನಡುವೆ ಕೂದಲು ಉದುರಿ ಅಂಗೈಯಗಲ ಬರಿದಾಗಿತ್ತು. ಒಂದು ತುಳಸಿ ದಳ ಅಲ್ಲಿ ಅಂಟಿಕೊಂಡು ಹೆಜ್ಜೆಹೆಜ್ಜೆಗೂ ಅಲುಗುತ್ತಿತ್ತು. ಪುಟ್ಟರಾಜು ಆ ನೆತ್ತಿಯನ್ನು ನೋಡಿದ್ದು ಅದೇ ಮೊದಲು.