ಕುದುರೆನರಿಯ ಪಾಲು

ಮುಗಿಲು ಬೆಟ್ಟದ ಹೆಗಲ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಒಂದು ಹೆಣ್ಣುಕುದುರೆಗೆ ಮಂಜಿನ ನಡುವೆ ಹೆರಿಗೆನೋವು ಬಂತಂತೆ. ಕತ್ತೆಕಿರುಬಗಳು ಸುತ್ತುಗಟ್ಟಿದವಂತೆ. ಆಗ ಒಂದು ಕೆಂಪು ತೋಳ ಬಂದು, ಮರಿ ಎದ್ದು ನಿಲ್ಲುವವರೆಗೂ ಕಾವಲು ಕೂತಿತಂತೆ. "ನಿನಗೇನು ಕೊಡಲಿ?" ಎಂದಿತು ಕುದುರೆ. "ನನ್ನ ಹತ್ರ ಇರೋದು ಹೆತ್ತ ಮೇಲೆ ಬೀಳೋ ಈ ಮಾಸು ಒಂದೇ. ಇನ್ನು ಮುಂದೆ ನಾವು ಈದಾಗಲೆಲ್ಲ ಇದು ನಿಂದು."

ಬಾಲೇ ಬೆಟ್ಟದ ನಾವು ಆ ತೋಳವನ್ನು ಕುದುರೆನರಿ ಎನ್ನುವುದು ಅದಕ್ಕೇ. ಈ ಕತೆ ಹೇಳಿದ ನನ್ನಜ್ಜಿ ಕಳೆದ ಚಳಿಯಲ್ಲಿ ತೀರಿಕೊಂಡಳು. ಹೋಗುವ ಮೊದಲು ಕೈ ಹಿಡಿದು, "ಕುಲನಿ, ನಮ್ಮ ಕುದುರೆ ಮಗಾಲೆ ಗಬ್ಬ ಆಗಿದಾಳೆ. ಅವಳು ಈದಾಗ ತೋಳದ ಪಾಲು ತೋಳಕ್ಕೆ ಮುಟ್ಟಿಸ್ತೀಯಲ್ಲ? ಇಟ್ಟು, ಬೆನ್ನು ತಿರುಗಿಸಿ ಬಂದ್ಬಿಡು. ನಿಂತು ನೋಡೋದು ಭಿಕ್ಷೆ ಹಾಕೋರ ಬುದ್ಧಿ" ಎಂದಿದ್ದಳು. ಹೂಂ ಅಂದಿದ್ದೆ.

ಅದೇ ಚಳಿಯಲ್ಲಿ ನಾಯಿಗಳ ಹುಚ್ಚು ತೋಳಗಳಿಗೂ ಹತ್ತಿ, ನಮ್ಮ ಕಣಿವೆಯ ಹಿಂಡಿಗೆ ಹಿಂಡೇ ಸತ್ತಿತು. ಉಳಿದದ್ದು ಒಂದು. ಜವೆಗೋಧಿಯ ಹೊಲ ವರ್ಷವರ್ಷವೂ ಮೇಲೇರಿ ಅದು ಹಿಡಿದು ತಿನ್ನುವ ಇಲಿಗಳ ಬಿಲಗಳನ್ನು ನುಂಗಿದ್ದರಿಂದ, ಅದು ತುದಿಯ ಬಂಡೆಸಾಲಿನಲ್ಲೇ ಇರುತ್ತಿತ್ತು. ಸಂಜೆ ಒಮ್ಮೆ ಕೂಗಿ, ಉತ್ತರಕ್ಕೆ ಕಾದು, ಸುಮ್ಮನಾಗುತ್ತಿತ್ತು. ಗುಡಿಸಲಲ್ಲಿ ಒಬ್ಬಳೇ ಕೂತ ನಾನೂ ಅದರ ಜೊತೆ ಕಾಯುತ್ತಿದ್ದೆ.

ಮಗಾಲೆ ಈದದ್ದು ಒಂದು ಬೆಳಗ್ಗೆ. ಮಾಸು ಬೀಳುತ್ತಲೇ ಬುಟ್ಟಿಗೆ ತುಂಬಿಕೊಂಡು ಹೊರಟೆ. ಪಕ್ಕದ ಗುಡಿಸಲ ಲುಬಾಬಾ ಅತ್ತೆ ಸೋರೆಬುರುಡೆ ಅಲುಗಿಸಿ ಬೆಣ್ಣೆ ತೆಗೆಯುತ್ತ ಕೂತಿದ್ದರು.

"ಏನೇ, ನೆಂಟರ ಮನೆಗೆ ಬುತ್ತೀನಾ?"

"ಹೂಂ ಅತ್ತೆ. ನಿಮ್ಮ ನಾಯೀನ ಕಟ್ಟಿಹಾಕಿ, ದಮ್ಮಯ್ಯ. ಅಲ್ಲಿಗೆ ಬಂದ್ರೆ ಆ ಒಂದಕ್ಕೂ ರೋಗ ಹತ್ತುತ್ತೆ."

"ಇರೋದೊಂದು ತೋಳ, ಅದಕ್ಕೆ ಉಪಚಾರ ಬೇರೆ! ನಿನ್ನ ವಯಸ್ಸಿನವರು ಗಂಡನಿಗೆ ಬುತ್ತಿ ಹೊರ್ತಾರೆ ಕಣೇ."

"ಗಂಡ ಸಿಕ್ಕಿದ್ರೆ ಅವನಿಗೂ ಹೊರ್ತೀನಿ. ಮೊದ್ಲು ನಾಯಿ ಕಟ್ಟಿ."

"ನಿಮ್ಮಜ್ಜಿ ಬಾಯಿ ಪೂರಾ ನಿನಗೇ ಬಂದಿದೆ" ಎನ್ನುತ್ತ ಅತ್ತೆ ಹಗ್ಗ ಹುಡುಕಲು ಎದ್ದರು.

ಬಂಡೆಸಾಲಿನ ಹುಲ್ಲಿನ ಮೇಲೆ ಬುಟ್ಟಿ ಮಗುಚಿದೆ. ತೋಳ ದೂರದಲ್ಲಿ ನಿಂತಿತ್ತು. ಎಷ್ಟು ಕೆಂಪು, ಎಷ್ಟು ಸಣಕಲು! ಬೆನ್ನು ತಿರುಗಿಸಬೇಕು, ಗೊತ್ತು. ಕಾಲು ಬರಲಿಲ್ಲ. ಅದು ತಿನ್ನುವುದನ್ನು ಒಮ್ಮೆ ಕಂಡರೆ, ಈ ಬೆಟ್ಟದಲ್ಲಿ ನನಗೂ ಯಾರೋ ಇದ್ದಾರೆ ಅನ್ನಿಸೀತು ಎಂಬ ಆಸೆ. ನಾನು ಕೂತೆ; ಅದೂ ಅಲ್ಲೇ ಕೂತಿತು, ಮುಂದೆ ಬರಲಿಲ್ಲ. ಮಾಸಿನ ಹಬೆ ಆರಿತು. ಕಾಗೆಗಳು ಇಳಿದವು.

ಕೆಳಗಿನಿಂದ ಅತ್ತೆಯ ಕೂಗು: "ಕುಲನೀ! ನಾಯಿ ಹಗ್ಗ ಕಡ್ಕೊಂಡು ಬರ್ತಿದೆ! ಹಿಡ್ಕೊಳೇ!"

ಎದ್ದು ಇಳಿಜಾರಿನಲ್ಲಿ ಓಡಿದೆ. ಅರ್ಧ ದಾರಿಯಲ್ಲಿ ನಾಯಿ ಸಿಕ್ಕಿತು. ಮಂಡಿಯೂರಿ ಅದರ ಕತ್ತನ್ನು ತಬ್ಬಿ ಹಿಡಿದೆ. ಅದು ನನ್ನ ಹೆಗಲ ಮೇಲಿಂದ ಬಂಡೆಸಾಲನ್ನೇ ನೋಡುತ್ತ ಕುಂಯ್‌ಗುಟ್ಟಿತು, ಮೈಯೆಲ್ಲ ಬಿಗಿಯಾಯಿತು. ಹಿಂದೆ ಕಾಗೆಗಳು ಕಿರುಚಿ ಮೇಲೆದ್ದವು. ಒಂದು ಸಲ ಕತ್ತು ಹೊರಳಿಸಿದ್ದರೆ ಸಾಕಿತ್ತು, ತೋಳ ತಿನ್ನುವುದು ಕಾಣುತ್ತಿತ್ತು. ನಾಯಿಯ ಕಿವಿಯ ಬುಡಕ್ಕೆ ಮುಖ ಒತ್ತಿ ಕಣ್ಣು ಮುಚ್ಚಿದೆ.

ಬಹಳ ಹೊತ್ತಿನ ಮೇಲೆ ನಾಯಿಯ ಮೈ ಸಡಿಲವಾಯಿತು. ಅದು ಆಸೆ ಬಿಟ್ಟು ನನ್ನ ಕೆನ್ನೆ ನೆಕ್ಕಿತು. ಪಾಲು ಮುಟ್ಟಿತ್ತು.